ಕಸವೆಂದು ಕೀಳುವ ಮುನ್ನ: ಮನೆಯಂಗಳದಲ್ಲಿ ಗುಲ್-ಎ-ಮುಂಡಿ

ಭತ್ತದ ಕೊಯ್ಲು ಮುಗಿದು ಗದ್ದೆಯಲ್ಲಿ ಬರೀ ಕೂಳೆ ಉಳಿದಾಗ, ಆ ಹಸಿ ಮಣ್ಣಿನ ಮೇಲೆ ಒಂದು ಗಿಡ ಹಬ್ಬುವುದನ್ನು ನೀವು ನೋಡಿರಬಹುದು. ಗೇಣೆತ್ತರ, ಹೆಚ್ಚೆಂದರೆ ಮೊಣಕಾಲುದ್ದ. ಮೈತುಂಬಾ ಸಣ್ಣ ರೋಮ, ಮುಟ್ಟಿದರೆ ಕೈಗೆ ಅಂಟು, ತಿಕ್ಕಿದರೆ ಗಾಢ ವಾಸನೆ. ಕೊಂಬೆಗಳ ತುದಿಯಲ್ಲಿ ನೇರಳೆ ಬಣ್ಣದ, ಗೋಲಿಯಂಥ ದುಂಡು ಹೂವು. ರೈತನಿಗೆ ಅದು ಕಸ. ದನಕರು ಅದರ ಮೇಲೆಯೇ ನಡೆದು ಹೋಗುತ್ತವೆ. ಯುನಾನಿ ವೈದ್ಯರು ಅದನ್ನು ಗುಲ್-ಎ-ಮುಂಡಿ ಎಂದು ಕರೆಯುತ್ತಾರೆ. ಚರ್ಮದ ಕಾಯಿಲೆಗಳಿಗೆ ನಾವು ಬರೆಯುವ ಔಷಧಿಗಳಲ್ಲಿ ಈ ಹೂವು ಮತ್ತೆ ಮತ್ತೆ ಬರುತ್ತದೆ.

ಈ ಗಿಡವನ್ನು ಮನೆಯಂಗಳದ ಒಂದು ಕುಂಡದಲ್ಲಿ ಬೆಳೆಸಿಕೊಳ್ಳಿ ಎಂದು ಹೇಳಲು ಈ ಲೇಖನ. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಗಿಡಮೂಲಿಕೆಯಿಂದ ಪ್ರಯೋಜನವಾಗಬೇಕಾದರೆ ಮೂರು ಸಂಗತಿ ಗೊತ್ತಿರಬೇಕು: ಗಿಡದ ಗುರುತು, ಅದು ಬೆಳೆದ ಜಾಗ, ಅದರ ಮಿತಿ. ಮೂರರಲ್ಲಿ ಒಂದು ತಪ್ಪಿದರೂ ಔಷಧಿ ಹೋಗಿ ಅಪಾಯ ಬರುತ್ತದೆ. ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆ ಮಾಡುವವನು ಅದರಿಂದಾಗುವ ಹಾನಿಗೆ ಹೊಣೆಗಾರನಾಗುತ್ತಾನೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಈ ಎಚ್ಚರಿಕೆ ಹಕೀಮರಿಗೆ ಹೇಗೋ, ಮನೆಮದ್ದು ಮಾಡುವ ತಾಯಂದಿರಿಗೂ ಹಾಗೆಯೇ.

ಗುರುತು ಹಿಡಿಯುವುದು ಹೇಗೆ?

ಮುಂಡಿ ಎಂದರೆ ಬೋಳಿಸಿದ ತಲೆಯಂತೆ ದುಂಡಗಿರುವುದು. ಹೂವಿನ ಆಕಾರದಿಂದ ಬಂದ ಹೆಸರು ಇದು. ಗೋರಖಮುಂಡಿ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಫೀರಾಂಥಸ್ ಇಂಡಿಕಸ್. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ, ನಮ್ಮ ನೆಲದ್ದೇ ಆದ ಗಿಡ. ಕರಾವಳಿಯ ಓದುಗರು ಒಂದು ವಿಷಯ ಗಮನಿಸಬೇಕು. ನಿಮ್ಮ ಕಡೆ ಮುಂಡಿ ಎಂದರೆ ಕೆಸುವಿನ ಜಾತಿಯ ಗೆಡ್ಡೆ. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಮೊದಲು ಕಾಂಡವನ್ನು ನೋಡಿ. ಕಾಂಡದ ಉದ್ದಕ್ಕೂ ರೆಕ್ಕೆಯಂತೆ ತೆಳುವಾದ ಹಸಿರು ಪಟ್ಟಿ ಇರುತ್ತದೆ, ಅದರ ಅಂಚು ಗರಗಸದಂತೆ ಹಲ್ಲು ಹಲ್ಲಾಗಿರುತ್ತದೆ. ಎಲೆಗಳಿಗೆ ತೊಟ್ಟಿಲ್ಲ, ಎಲೆಯ ಬುಡವೇ ಇಳಿದು ಕಾಂಡದ ಈ ಪಟ್ಟಿಯಾಗುತ್ತದೆ. ಎಲೆಯ ಅಂಚಿನಲ್ಲೂ ಹಲ್ಲುಗಳಿವೆ. ಇನ್ನು ಹೂವು. ನಾವು ಒಂದು ಹೂವು ಎಂದುಕೊಳ್ಳುವ ಗುಂಡು ನಿಜಕ್ಕೂ ನೂರಾರು ಪುಟ್ಟ ಹೂಗಳ ಗೊಂಚಲು. ಒಂದು ಗುಂಡು ಸುಮಾರು ಒಂದು ಸೆಂಟಿಮೀಟರಿನಿಂದ ಒಂದೂವರೆ ಸೆಂಟಿಮೀಟರ್ ದಪ್ಪ ಇರುತ್ತದೆ. ನಮ್ಮಲ್ಲಿ ಚಳಿಗಾಲದಿಂದ ಬೇಸಿಗೆ ಆರಂಭದವರೆಗೆ ಇದು ಹೂ ಬಿಡುತ್ತದೆ.

ನೇರಳೆ ಗುಂಡು ಕಂಡ ತಕ್ಷಣ ಮುಂಡಿ ಎನ್ನಬೇಡಿ. ಮುಟ್ಟಿದರೆ ಮುನಿ ಗಿಡದ ಹೂವೂ ದುಂಡಗೆ, ಗುಲಾಬಿ ಬಣ್ಣಕ್ಕಿರುತ್ತದೆ. ಆದರೆ ಅದರ ಎಲೆ ಮುಟ್ಟಿದರೆ ಮಡಚಿಕೊಳ್ಳುತ್ತದೆ, ಕಾಂಡದಲ್ಲಿ ಮುಳ್ಳಿದೆ. ಮನೆಯ ಮುಂದೆ ಬೆಳೆಸುವ ಬಟನ್ ಹೂವು ಮುಟ್ಟಿದರೆ ಕಾಗದದಂತೆ ಒಣಗಿರುತ್ತದೆ, ವಾಸನೆ ಇಲ್ಲ. ಸಹದೇವಿಯ ಹೂವೂ ನೇರಳೆಯೇ, ಆದರೆ ಅದು ಕುಚ್ಚಿನಂತೆ ಇರುತ್ತದೆ, ಗುಂಡಗಲ್ಲ. ಈ ಮೂರಕ್ಕೂ ಕಾಂಡದ ಮೇಲೆ ಹಲ್ಲಿನ ರೆಕ್ಕೆ ಇಲ್ಲ. ಮೊದಲ ಸಲ ಗುರುತಿಸುವಾಗ ಗಿಡ ಬಲ್ಲ ಹಿರಿಯರಿಗೋ ಹತ್ತಿರದ ಯುನಾನಿ ಅಥವಾ ಆಯುರ್ವೇದ ವೈದ್ಯರಿಗೋ ತೋರಿಸಿ.

ಕಣ್ಣಾರೆ ಕಂಡು ಗಿಡ ಗುರುತಿಸುವುದು ನಮ್ಮ ವೈದ್ಯಪರಂಪರೆಯ ಬುನಾದಿ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ಮಲಾಗದಲ್ಲಿ ಜನಿಸಿದ ಇಬ್ನುಲ್ ಬೈತಾರ್ ಊರೂರು ಸುತ್ತಿ ಗಿಡಗಳನ್ನು ನೋಡಿ, ಸುಮಾರು 1,400 ಔಷಧ ವಸ್ತುಗಳ ಬಗ್ಗೆ ಬರೆದರು. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ನೆರೆಯ ವಿಜಯಪುರವನ್ನೇ ನೋಡಿ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ವೈದ್ಯವನ್ನೂ ಬಲ್ಲವರಾಗಿದ್ದರು. ಈ ದೇಶದ ವೈದ್ಯಪದ್ಧತಿ, ಇಲ್ಲಿಯ ಮೂಲಿಕೆಗಳ ಕುರಿತು ಅವರು ದಸ್ತೂರುಲ್ ಅತಿಬ್ಬಾ ಎಂಬ ಪಾರ್ಸಿ ಗ್ರಂಥ ಬರೆದರು. ಹೊರಗಿನಿಂದ ಬಂದ ವೈದ್ಯವಿದ್ಯೆ ಇಲ್ಲಿಯ ಮಣ್ಣಿನ ಗಿಡಗಳನ್ನು ಕಲಿತು ತನ್ನದಾಗಿಸಿಕೊಂಡದ್ದು ಹೀಗೆ. ಮುಂಡಿಯೂ ಹಾಗೆ ಯುನಾನಿಗೆ ಸೇರಿದ ನಮ್ಮ ನೆಲದ ಗಿಡ.

ಗದ್ದೆಯಿಂದ ಏಕೆ ಕೀಳಬಾರದು?

ಸುರಪುರ, ರಂಗಂಪೇಟೆ, ಶಹಾಪುರದ ಸುತ್ತಲಿನದು ಎರೆಭೂಮಿ. ಮೊದಲು ಜೋಳ, ತೊಗರಿ, ಸೇಂಗಾ ಬೆಳೆಯುತ್ತಿದ್ದ ಈ ನೆಲಕ್ಕೆ ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಗದ್ದೆಗಳು ಹೆಚ್ಚಿದವು. ಮುಂಡಿಗೆ ಬೇಕಾದದ್ದೂ ಅದೇ: ನೀರು ನಿಂತು ಇಳಿದ ಹಸಿ ಮಣ್ಣು, ಮೇಲೆ ಬಿಸಿಲು. ಹೀಗಾಗಿ ಕಾಲುವೆಯ ಬದಿ, ಕೆರೆಯ ಅಂಗಳ, ಕೊಯ್ದ ಗದ್ದೆ ಅದರ ಜಾಗ.

ಆದರೆ ಭತ್ತ ಬಂದಲ್ಲಿ ಔಷಧಿ ಸಿಂಪಡಣೆಯೂ ಬಂತು. ಕಳೆನಾಶಕ, ಕೀಟನಾಶಕ, ರೋಗನಾಶಕ, ಒಂದು ಹಂಗಾಮಿನಲ್ಲಿ ಹಲವು ಸಲ. ಗದ್ದೆಯ ಮಣ್ಣಿನಲ್ಲಿ, ನೀರಿನಲ್ಲಿ ಉಳಿದ ವಿಷ ಅಲ್ಲಿ ಬೆಳೆದ ಗಿಡಕ್ಕೂ ಸೇರಬಹುದು. ಎಲೆ ಹಸಿರಾಗಿದೆ, ಹೂವು ಚೆಂದವಾಗಿದೆ ಎಂದ ಮಾತ್ರಕ್ಕೆ ಅದು ಶುದ್ಧವಲ್ಲ, ವಿಷಕ್ಕೆ ಬಣ್ಣವಿಲ್ಲ. ಊರೊಳಗಿನ ಗಟಾರದ ಬದಿಯ ಗಿಡವೂ ಬೇಡ. ಅಲ್ಲಿ ಮಲಮೂತ್ರದ ನೀರು ಹರಿಯುತ್ತದೆ; ಜಂತುಹುಳುವಿನ ಮೊಟ್ಟೆ, ಭೇದಿ ತರುವ ರೋಗಾಣು ಎಲೆಗೆ ಅಂಟಿರುತ್ತವೆ. ರಕ್ತ ಶುದ್ಧಿಗೆಂದು ಕುಡಿದ ಕಷಾಯದಿಂದ ಹೊಟ್ಟೆ ಕೆಟ್ಟರೆ ಏನು ಫಲ?

ಹಾಗಾದರೆ ಗಂಧಿಗೆ ಅಂಗಡಿಯಲ್ಲಿ ಕೊಳ್ಳಬಹುದಲ್ಲ ಎನ್ನುವಿರಿ. ಕೊಳ್ಳಬಹುದು. ಆದರೆ ಬಿಡಿ ಮಾಲು ಎಷ್ಟು ಹಳೆಯದು, ಎಲ್ಲಿಯದು ಎಂಬುದು ಅನೇಕ ಸಲ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಮುಂಡಿಯ ಹೂವಿನಲ್ಲಿ ಮಣ್ಣು ಬೇಗ ಸೇರುತ್ತದೆ, ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಕೊಳ್ಳುವಾಗ ಮುರಿದು ಮೂಸಿ ನೋಡಿ: ಸುವಾಸನೆ ಇಲ್ಲದೆ ಬರೀ ಧೂಳಿನ ವಾಸನೆ ಬಂದರೆ ಅದು ಸತ್ವ ಹೋದ ಮಾಲು. ಇವೆಲ್ಲಕ್ಕಿಂತ ಎರಡು ಕುಂಡಗಳಲ್ಲಿ ಬೆಳೆಸಿಕೊಳ್ಳುವುದು ವಾಸಿ.

ಬೆಳೆಸುವ ವಿಧಾನ

ಬೀಜ: ಗದ್ದೆಯ ಗಿಡವನ್ನು ಔಷಧಿಗೆ ಬಳಸಬೇಡಿ ಎಂದೆ; ಬೀಜಕ್ಕಾಗಿ ನಾಲ್ಕಾರು ಹೂಗುಂಡು ತರಲು ಅಡ್ಡಿಯಿಲ್ಲ. ಬೇಸಿಗೆ ಆರಂಭದಲ್ಲಿ ಗುಂಡುಗಳು ಕಂದು ಬಣ್ಣಕ್ಕೆ ತಿರುಗಿ ಒಣಗುತ್ತವೆ. ಹೊಲದವರನ್ನು ಕೇಳಿ, ಅಂಥ ಕೆಲವನ್ನು ತಂದು ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಚೀಲ ಬೇಡ, ತೇವ ಕೂಡುತ್ತದೆ.

ಕುಂಡ: ಬಾಯಿ ಅಗಲವಾದ, ಒಂದು ಗೇಣು ಆಳದ ಕುಂಡ ಅಥವಾ ಹಳೆಯ ಟಬ್ ಸಾಕು. ತಳದಲ್ಲಿ ತೂತು ಇರಲೇಬೇಕು. ಬರೀ ಎರೆಮಣ್ಣು ಹಾಕಿದರೆ ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಎರಡು ಪಾಲು ಎರೆಮಣ್ಣಿಗೆ ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ.

ಬಿತ್ತನೆ: ಮಳೆಗಾಲ ಹಿಂದೆ ಸರಿಯುವ ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ. ಒಣ ಗುಂಡನ್ನು ಅಂಗೈಯಲ್ಲಿ ತಿಕ್ಕಿ ಪುಡಿಮಾಡಿ, ಒದ್ದೆ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಬೀಜ ಬಹಳ ಸಣ್ಣದು. ಮಣ್ಣು ಮುಚ್ಚಿದರೆ ಮೇಲೆ ಬರಲಾರದು. ನೀರನ್ನು ಸುರಿಯದೆ ಕೈಯಿಂದ ಚಿಮುಕಿಸಿ. ಎಲ್ಲ ಬೀಜವೂ ಮೊಳೆಯುವುದಿಲ್ಲ, ಆದ್ದರಿಂದ ಧಾರಾಳವಾಗಿ ಉದುರಿಸಿ. ನಾಲ್ಕೆಲೆ ಬಂದ ಮೇಲೆ ಒಂದು ಕುಂಡಕ್ಕೆ ಮೂರೋ ನಾಲ್ಕೋ ಸಸಿ ಉಳಿಸಿ, ಮಿಕ್ಕವನ್ನು ಸಂಜೆ ಹೊತ್ತು ಬೇರು ಅಲುಗದಂತೆ ಇನ್ನೊಂದು ಕುಂಡಕ್ಕೆ ಹಾಕಿ.

ನೀರು ಮತ್ತು ಬಿಸಿಲು: ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ಮಾಳಿಗೆಯ ಮೇಲೂ ಇಡಬಹುದು, ಆದರೆ ಮಣ್ಣು ಒಣಗಬಾರದು. ಇಲ್ಲಿ ನಿಮಗೊಂದು ಸುಲಭ ಉಪಾಯವಿದೆ. ದಿನಕ್ಕೆ ಐದು ಹೊತ್ತು ವುಝೂ ಮಾಡುವ ಮನೆಯಲ್ಲಿ ಎಷ್ಟು ನೀರು ಗಟಾರಕ್ಕೆ ಹೋಗುತ್ತದೆ! ಸೋಪು ಬೆರೆಯದ ಆ ನೀರನ್ನು ಒಂದು ತೊಟ್ಟಿಯಲ್ಲಿ ಹಿಡಿದು ಅಂದಂದೇ ಗಿಡಕ್ಕೆ ಹಾಕಿ. ಬಚ್ಚಲಿನ ಸೋಪಿನ ನೀರು, ಬಟ್ಟೆ ಒಗೆದ ನೀರು ಬೇಡ.

ಸೊಳ್ಳೆಯ ಎಚ್ಚರ: ಮಣ್ಣು ಹಸಿ ಇರಲೆಂದು ಕುಂಡದ ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸುವವರಿದ್ದಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿಯೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ತಟ್ಟೆ ಇಡಲೇಬೇಡಿ, ಇಟ್ಟರೆ ಎರಡು ದಿನಕ್ಕೊಮ್ಮೆ ಚೆಲ್ಲಿ, ಉಜ್ಜಿ ತೊಳೆಯಿರಿ. ವುಝೂ ನೀರಿನ ತೊಟ್ಟಿಗೂ ಇದೇ ನಿಯಮ.

ಕೋಳಿ, ಮೇಕೆ ಸಾಕಿದವರು ಕುಂಡವನ್ನು ಎತ್ತರದಲ್ಲಿಡಿ. ಯಾವ ಕೀಟನಾಶಕವನ್ನೂ ಹೊಡೆಯಬೇಡಿ; ಹೊಡೆದರೆ ಗದ್ದೆಯ ಗಿಡಕ್ಕೂ ನಿಮ್ಮ ಗಿಡಕ್ಕೂ ಏನು ವ್ಯತ್ಯಾಸ? ಇದು ಒಂದೇ ವರ್ಷದ ಗಿಡ. ಬೇಸಿಗೆ ಏರಿದಂತೆ ಒಣಗಿ ಹೋದರೆ ನಿಮ್ಮ ಆರೈಕೆ ಸಾಲದಾಯಿತು ಎಂದು ಬೇಸರಪಡಬೇಡಿ. ಐದಾರು ಗುಂಡುಗಳನ್ನು ಗಿಡದಲ್ಲೇ ಬಲಿಯಲು ಬಿಟ್ಟರೆ ಮುಂದಿನ ವರ್ಷದ ಬೀಜ ಸಿಕ್ಕಿತು. ಹೆಚ್ಚಾದ ಬೀಜವನ್ನು ಬೇರೆಯವರ ಹೊಲಕ್ಕೆ ಎಸೆಯಬೇಡಿ. ನಮಗೆ ಔಷಧಿಯಾದರೂ ರೈತನಿಗೆ ಅದು ಕಳೆಯೇ.

ಕೊಯ್ದು ಒಣಗಿಸುವುದು

ಗುಂಡುಗಳು ಪೂರ್ತಿ ನೇರಳೆಯಾದಾಗ, ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಶುದ್ಧ ನೀರಿನಲ್ಲಿ ಒಮ್ಮೆ ತೊಳೆದು, ಸ್ವಚ್ಛ ಬಟ್ಟೆಯ ಮೇಲೆ ಹರವಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಒಣಗಿಸಿ. ಬಿಸಿಲಿಗಿಟ್ಟರೆ ಸುವಾಸನೆಯ ಎಣ್ಣೆ ಹಾರಿಹೋಗುತ್ತದೆ. ನೊಣ ಕೂರದಂತೆ ಮೇಲೊಂದು ತೆಳು ಬಟ್ಟೆ ಇರಲಿ. ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಗಾಜಿನ ಬಾಟಲಿಗೆ ತುಂಬಿ, ಹೆಸರು ಮತ್ತು ತಿಂಗಳು ಬರೆದ ಚೀಟಿ ಅಂಟಿಸಿ. ಒಂದು ವರ್ಷದೊಳಗೆ ಬಳಸಿ. ಬೂಷ್ಟು ಕಂಡರೆ ಪೂರ್ತಿ ಚೆಲ್ಲಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸುವ ಲೆಕ್ಕ ಬೇಡ.

ಉಪಯೋಗ

ಯುನಾನಿಯಲ್ಲಿ ಮುಂಡಿಯನ್ನು ಮುಸಫ್ಫಿ-ಎ-ಖೂನ್, ಅಂದರೆ ರಕ್ತವನ್ನು ಶುದ್ಧಗೊಳಿಸುವ ಔಷಧಿಗಳ ಸಾಲಿನಲ್ಲಿ ಇಡುತ್ತಾರೆ. ಮೊಡವೆ, ಸಣ್ಣ ಕುರು, ಬೆವರುಸಾಲೆ, ಹಳೆಯ ತುರಿಕೆಗಳಲ್ಲಿ ಬೇರೆ ಔಷಧಿಗಳ ಜೊತೆ ಕೊಡುತ್ತೇವೆ. ರಕ್ತ ಶುದ್ಧಿ ಎಂಬ ಮಾತನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಇದು ಮೈಯಲ್ಲಿ ದೋಷಗಳ ಹದ ತಪ್ಪಿದ್ದನ್ನು ಸರಿಪಡಿಸುವ ಯುನಾನಿ ಕಲ್ಪನೆ. ರಕ್ತವನ್ನು ಸೋಸುವ ಕೆಲಸ ಅಲ್ಲಾಹನು ಮೂತ್ರಪಿಂಡ, ಯಕೃತ್ತುಗಳಿಗೆ ಒಪ್ಪಿಸಿದ್ದಾನೆ. ಯಾವ ಹೂವೂ ಅವುಗಳ ಜಾಗದಲ್ಲಿ ಕೂರಲಾರದು.

ದೊಡ್ಡವರಿಗೆ ಸಾಮಾನ್ಯ ಪ್ರಮಾಣ 5 ಗ್ರಾಂ ಒಣ ಹೂವು. ಒಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಕಣ್ಣಳತೆ ಮಾಡಿಕೊಳ್ಳಿ. ಕುದಿಸಿ ಆರಿಸಿದ ಒಂದು ಲೋಟ ನೀರಿನಲ್ಲಿ ರಾತ್ರಿ ನೆನೆಹಾಕಿ, ಮುಚ್ಚಿಟ್ಟು, ಬೆಳಿಗ್ಗೆ ಸೋಸಿ ಕುಡಿಯಬೇಕು. ಇದನ್ನು ಖೈಸಾಂದಾ ಎನ್ನುತ್ತೇವೆ. ಒಂದೂವರೆ ಲೋಟ ನೀರಿಗೆ ಹಾಕಿ ಒಂದು ಲೋಟಕ್ಕೆ ಇಳಿಸಿದರೆ ಅದು ಜೋಶಾಂದಾ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಎರಡು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿ ವೈದ್ಯರ ಬಳಿ ಬನ್ನಿ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ಮಕ್ಕಳು ವೈದ್ಯರು ಹೇಳದೆ ಇದನ್ನು ತೆಗೆದುಕೊಳ್ಳಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಮೊದಲು ಕೇಳಿ. ಸೇವಂತಿಗೆ ಜಾತಿಯ ಹೂವು ಅಥವಾ ಕಾಂಗ್ರೆಸ್ ಕಸ ಮುಟ್ಟಿದರೆ ಅಲರ್ಜಿಯಾಗುವವರು ಇದರಿಂದ ದೂರವಿರುವುದು ಲೇಸು.

ಇನ್ನೊಂದು ಸಂಶಯವನ್ನೂ ನಿವಾರಿಸಬೇಕು. ಅರ್ಕ್-ಎ-ಮುಂಡಿ ಎಂಬ ಹೆಸರು ಕೇಳಿ ಅದರಲ್ಲಿ ಮದ್ಯವಿದೆಯೇ ಎಂದು ಕೆಲವರು ಹಿಂಜರಿಯುತ್ತಾರೆ. ಹೂವನ್ನು ನೀರಿನಲ್ಲಿ ಕುದಿಸಿ, ಆವಿಯನ್ನು ತಣಿಸಿ ಇಳಿಸಿದ ನೀರೇ ಅರ್ಕ್. ಗುಲಾಬ್ ಜಲ ಮಾಡುವ ಕ್ರಮವೂ ಇದೇ. ಇದಕ್ಕೂ ಸಾರಾಯಿಗೂ ಸಂಬಂಧವಿಲ್ಲ.

ಮುಂಡಿ ಸಾಲದ ಕಡೆ

"ಹಕೀಂ ಸಾಬ್, ಹುಡುಗನ ರಕ್ತ ಕೆಟ್ಟದ, ಸಾಫ್ ಆಗೂ ದವಾ ಕೊಡ್ರಿ" ಎನ್ನುತ್ತಾ ಬರುವ ತಾಯಂದಿರನ್ನು ನಾನು ಮೊದಲು ಕೇಳುವ ಪ್ರಶ್ನೆ: ತುರಿಕೆ ರಾತ್ರಿ ಹೆಚ್ಚೋ? ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆಗಳಿವೆಯೋ? ಮನೆಯಲ್ಲಿ ಇನ್ನೂ ಯಾರಿಗಾದರೂ ಇದೆಯೋ? ಹೌದೆಂದರೆ ಅದು ಬಹುತೇಕ ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮದಲ್ಲಿ ಬಿಲ ತೋಡುವುದರಿಂದ ಬರುವ ರೋಗ. ತಿಂಗಳುಗಟ್ಟಲೆ ಮುಂಡಿ ಕುಡಿಸಿದರೂ ಆ ಹುಳು ಸಾಯುವುದಿಲ್ಲ. ಅದಕ್ಕೆ ಶೇ. 5ರ ಪರ್ಮೆಥ್ರಿನ್ ಮುಲಾಮು ಬೇಕು. ವೈದ್ಯರು ಹೇಳಿದಂತೆ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಬೇಕು, ವಾರದ ನಂತರ ಮತ್ತೊಮ್ಮೆ. ತುರಿಕೆ ಇರಲಿ ಬಿಡಲಿ, ಮನೆಯವರೆಲ್ಲರೂ ಒಂದೇ ದಿನ ಹಚ್ಚಬೇಕು. ಚಾದರ, ಟವೆಲ್, ಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಬೇಕು.

ಕುರು ಮೇಲಿಂದ ಮೇಲೆ ಏಳುತ್ತಿದ್ದು, ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆಯ ಪರೀಕ್ಷೆ ಮಾಡಿಸಿ. ಮೈಮೇಲೆ ಬಣ್ಣಗೆಟ್ಟ ಮಚ್ಚೆ ಇದ್ದು ಅಲ್ಲಿ ಮುಟ್ಟಿದ್ದು, ಬಿಸಿ ತಾಗಿದ್ದು ತಿಳಿಯದಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅದು ಕುಷ್ಠವಾಗಿರಬಹುದು. ಔಷಧಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತ, ರೋಗ ಪೂರ್ತಿ ಗುಣವಾಗುತ್ತದೆ. ಮನೆಮದ್ದಿನಲ್ಲಿ ಕಾಲ ಕಳೆದರೆ ನರಗಳು ಕೆಟ್ಟು ಕೈಕಾಲು ಊನವಾಗುತ್ತವೆ. ನಾಚಿಕೆಯಿಂದ ಮುಚ್ಚಿಡುವ ರೋಗ ಇದಲ್ಲ.

ಕಣ್ಣಿನ ಬಗ್ಗೆಯೂ ಒಂದು ನಂಬಿಕೆಯಿದೆ: ಮುಂಡಿಯ ಹೂವು ನುಂಗಿದರೆ ವರ್ಷವಿಡೀ ಕಣ್ಣು ಬೇನೆ ಬರುವುದಿಲ್ಲ ಎಂದು. ಇದನ್ನು ನಂಬಿ ಕೂರಬೇಡಿ. ಕಣ್ಣು ಕೆಂಪಾಗುವ ಸೋಂಕು ಹರಡುವುದು ಕೈಯಿಂದ, ಟವೆಲಿನಿಂದ, ಒಂದೇ ಸುರ್ಮಾ ಕಡ್ಡಿಯಿಂದ. ಹಬ್ಬದ ದಿನ ಮನೆಯವರೆಲ್ಲ ಒಂದೇ ಕಡ್ಡಿಯಲ್ಲಿ ಸುರ್ಮಾ ಹಚ್ಚಿಕೊಳ್ಳುವ ರೂಢಿ ಬಿಡಿ. ಕೆಲವು ಸುರ್ಮಾಗಳಲ್ಲಿ ಸೀಸ ಇರುವುದರಿಂದ ಮಕ್ಕಳಿಗೆ ಹಚ್ಚಲೇಬೇಡಿ. ಮಸೀದಿಯ ವುಝೂಖಾನೆಯಲ್ಲಿ ನೇತುಹಾಕಿದ ಒಂದೇ ಟವೆಲಿಗೆ ಎಲ್ಲರೂ ಮುಖ ಒರೆಸುವ ಬದಲು ತಮ್ಮ ತಮ್ಮ ಕರವಸ್ತ್ರ ತರಲಿ. ಮುಂಡಿಯ ರಸವನ್ನಾಗಲಿ ಅರ್ಕನ್ನಾಗಲಿ ಕಣ್ಣಿಗೆ ಹನಿಸಬೇಡಿ.

ಮಕ್ಕಳ ಕೈಗೆ ಒಪ್ಪಿಸಿ

ಈ ಕುಂಡದ ಜವಾಬ್ದಾರಿಯನ್ನು ಮನೆಯ ಮಕ್ಕಳಿಗೆ ಕೊಡಿ. ಬೀಜ ಉದುರಿಸುವುದು, ನೀರು ಚಿಮುಕಿಸುವುದು, ಹೂವಿಗೆ ಬರುವ ಜೇನ್ನೊಣ, ಚಿಟ್ಟೆಗಳನ್ನು ಎಣಿಸುವುದು ಅವರ ಕೆಲಸವಾಗಲಿ. ಔಷಧಿ ಕೊಡುವುದು ಮಾತ್ರ ದೊಡ್ಡವರ ಕೆಲಸ. ಒಂದು ಗಿಡದ ಕಾಂಡ, ಎಲೆ, ವಾಸನೆಯನ್ನು ಸರಿಯಾಗಿ ಕಲಿತ ಮಗು ಹತ್ತು ಗಿಡಗಳ ಬಗ್ಗೆ ಪ್ರಶ್ನೆ ಕೇಳುತ್ತದೆ. ಕಂಡದ್ದನ್ನೆಲ್ಲ ಕಸವೆಂದು ಕೀಳುವುದಿಲ್ಲ, ಕಂಡದ್ದನ್ನೆಲ್ಲ ಔಷಧಿಯೆಂದು ಬಾಯಿಗೂ ಹಾಕುವುದಿಲ್ಲ.

ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಖಾ ಆಗುತ್ತದೆ ಎಂಬುದು ಪ್ರವಾದಿ(ಸ) ಅವರ ಬೋಧನೆ. ನಿಮ್ಮ ಮಾಳಿಗೆಯ ಕುಂಡದಲ್ಲಿ ಅರಳಿದ ನೇರಳೆ ಹೂವಿಗೆ ಬರುವ ಜೇನ್ನೊಣವೂ ಆ ಲೆಕ್ಕದಲ್ಲಿ ಸೇರಲಿ, ಇನ್‌ಶಾ ಅಲ್ಲಾಹ್. ಈ ಸಲ ಗದ್ದೆಯ ಬದಿ ಹೋದಾಗ ನಾಲ್ಕು ಒಣ ಗುಂಡು ತಂದಿಡಿ. ಅಕ್ಟೋಬರ್‌ ತಿಂಗಳಿಗೆ ಅವು ಬೇಕಾಗುತ್ತವೆ.